ಸೇವಾಲೇಖ್ಯದ ಶೋಧನೆ: ಲೆಫ್ಟೆನೆಂಟ್ ಫ್ಲಿಪ್ಪರನ ವೃತ್ತಾಂತ

ವ್ಯವಹಾರನಿರ್ಣಯಕ್ಕೆ ಲಿಖಿತ, ಭುಕ್ತಿ, ಸಾಕ್ಷಿ ಎಂಬ ಮೂರನ್ನು ಪ್ರಮಾಣಗಳೆಂದು ಯಾಜ್ಞವಲ್ಕ್ಯಸ್ಮೃತಿಯು ಪರಿಗಣಿಸಿರುವುದು ವಿದ್ವಾಂಸರಿಗೆ ಸುವಿದಿತವಾದ ಸಂಗತಿ. ಇವುಗಳಲ್ಲಿ ಲಿಖಿತಕ್ಕೆ ಒಂದು ವಿಶೇಷವಾದ ಬಲವುಂಟು. ಸಾಕ್ಷಿಯು ಕಾಲವಶನಾಗುವನು, ಭುಕ್ತಿಯು ವಿಚ್ಛಿನ್ನವಾಗಬಹುದು, ಲೇಖ್ಯವಾದರೋ ಬರೆದವನೂ ಬರೆಯಿಸಿದವನೂ ಅಳಿದ ಬಳಿಕವೂ ನಿಂತು ಸಾಕ್ಷ್ಯ ನುಡಿಯುವುದು. ಆದರೆ ಲೇಖ್ಯದಲ್ಲಿಯೇ ದೋಷವು ಸೇರಿಕೊಂಡಿದ್ದರೆ ಆ ದೋಷವೂ ಅಷ್ಟೇ ಚಿರಸ್ಥಾಯಿಯಾಗುವುದು. ಆದುದರಿಂದಲೇ ಸ್ಮೃತಿಕಾರನು ಎರಡು ಪರಿಹಾರಗಳನ್ನು ವಿಧಿಸಿದ್ದಾನೆ. ಪತ್ರವು ಸುಟ್ಟುಹೋದರೆ, ಹರಿದರೆ, ಅಳಿಸಿಹೋದರೆ, ಅಪಹೃತವಾದರೆ ಅಥವಾ ದುರ್ಲೇಖ್ಯವಾಗಿದ್ದರೆ ಬೇರೊಂದು ಪತ್ರವನ್ನು ಮಾಡಿಸಬೇಕೆಂಬುದು ಒಂದು. ತಪ್ಪಾಗಿ ತೀರ್ಮಾನಿಸಲ್ಪಟ್ಟ ವ್ಯವಹಾರವನ್ನು ಅರಸನು ಮತ್ತೊಮ್ಮೆ ವಿಚಾರಿಸಬೇಕೆಂಬುದು ಮತ್ತೊಂದು. ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ಕಲ್ಯಾಣದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ವ್ಯಾಖ್ಯಾನಿಸಿರುವ ಈ ಎರಡು ವಿಧಿಗಳಲ್ಲಿ ಮೊದಲನೆಯದು ಪತ್ರಕ್ಕೆ ಸಂಬಂಧಿಸಿದುದು, ಎರಡನೆಯದು ನ್ಯಾಯಕ್ಕೆ ಸಂಬಂಧಿಸಿದುದು. ಯೋಧನ ಸೇವಾಲೇಖ್ಯದ ವಿಷಯದಲ್ಲಿ ಇವೆರಡೂ ಹೇಗೆ ಒಂದರೊಡನೊಂದು ಹೆಣೆದುಕೊಳ್ಳುವುವೆಂಬುದಕ್ಕೆ ಅಮೆರಿಕ ಸಂಯುಕ್ತ ಸಂಸ್ಥಾನದ ಸೈನ್ಯಕ್ಕೆ ಸೇರಿದ ಹೆನ್ರಿ ಆಸಿಯನ್ ಫ್ಲಿಪ್ಪರನ ಚರಿತ್ರೆಗಿಂತ ಉತ್ತಮವಾದ ನಿದರ್ಶನವು ದೊರೆಯುವುದು ಕಷ್ಟ.

ಫ್ಲಿಪ್ಪರನು ಕ್ರಿ. ಶ. ೧೮೫೬ರಲ್ಲಿ ಜಾರ್ಜಿಯಾ ಪ್ರಾಂತದ ಥಾಮಸ್‌ವಿಲ್ ಎಂಬಲ್ಲಿ ದಾಸ್ಯದಲ್ಲಿಯೇ ಜನಿಸಿದನು. ಅಂತರ್ಯುದ್ಧದಿಂದ ದಾಸ್ಯವು ತೊಲಗಿದ ಮೇಲೆ ಅಟ್ಲಾಂಟಾ ನಗರದಲ್ಲಿ ವಿದ್ಯಾಭ್ಯಾಸ ಮಾಡಿ, ೧೮೭೩ರಲ್ಲಿ ವೆಸ್ಟ್ ಪಾಯಿಂಟಿನ ಸೈನಿಕ ವಿದ್ಯಾಲಯವನ್ನು ಪ್ರವೇಶಿಸಿದನು. ಅಲ್ಲಿ ಸಹಪಾಠಿಗಳಲ್ಲಿ ಬಹುಮಂದಿ ಅವನೊಡನೆ ಮಾತನ್ನೇ ಆಡುತ್ತಿರಲಿಲ್ಲ. ನಾಲ್ಕು ವರ್ಷಗಳ ಈ ಏಕಾಂತವನ್ನು ಸಹಿಸಿ ೧೮೭೭ರಲ್ಲಿ ೭೬ ಮಂದಿಯ ಪೈಕಿ ೫೦ನೆಯವನಾಗಿ ತೇರ್ಗಡೆ ಹೊಂದಿದನು. ಆ ವಿದ್ಯಾಲಯದಿಂದ ಪದವೀಧರನಾಗಿ ಹೊರಬಂದ ಕಪ್ಪುಜನರಲ್ಲಿ ಇವನೇ ಮೊದಲಿಗನು. ಹತ್ತನೆಯ ಅಶ್ವದಳದಲ್ಲಿ ಸೆಕೆಂಡ್ ಲೆಫ್ಟೆನೆಂಟನಾಗಿ ನೇಮಕ ಹೊಂದಿ, ಸಿಲ್ ಕೋಟೆಯಲ್ಲಿದ್ದಾಗ ಮಲೇರಿಯಾ ಜ್ವರಕ್ಕೆ ಮೂಲವಾಗಿದ್ದ ನಿಂತ ನೀರನ್ನು ಹೊರಹರಿಸಲು ಕಾಲುವೆಯೊಂದನ್ನು ತೆಗೆಯಿಸಿದನು. ಅದು ಇಂದಿಗೂ ಅವನ ಹೆಸರಿನಿಂದಲೇ ಕರೆಯಲ್ಪಡುವುದು.

೧೮೮೦ರ ಕೊನೆಯಲ್ಲಿ ಅವನು ಟೆಕ್ಸಾಸಿನ ಡೇವಿಸ್ ಕೋಟೆಗೆ ಬಂದು ಅಲ್ಲಿಯ ಉಗ್ರಾಣದ ಮತ್ತು ಅದರ ಹಣದ ಹೊಣೆಯನ್ನು ವಹಿಸಿಕೊಂಡನು. ಮರುವರ್ಷ ಕರ್ನಲ್ ವಿಲಿಯಂ ಷಾಫ್ಟರನು ಕೋಟೆಯ ಅಧಿಪತಿಯಾಗಿ ಬಂದನು. ಫ್ಲಿಪ್ಪರನು ಸರಕಾರದ ಹಣವನ್ನು ತನ್ನ ಬಿಡಾರದ ಪೆಟ್ಟಿಗೆಯಲ್ಲಿಯೇ ಇರಿಸಿಕೊಂಡಿದ್ದನು. ೧೮೮೧ರ ಬೇಸಗೆಯಲ್ಲಿ ಲೆಕ್ಕವನ್ನು ಸರಿನೋಡಲಾಗಿ ಹಣವು ಕಡಮೆಯಾಗಿದ್ದುದು ಅವನಿಗೆ ತಿಳಿಯಿತು. ಅದನ್ನು ಮೇಲಧಿಕಾರಿಗೆ ಅರಿಕೆ ಮಾಡುವುದಕ್ಕೆ ಬದಲಾಗಿ ಅವನು ಮರೆಮಾಚಿದನು. ಹಣವನ್ನು ಕಳುಹಿಸಿರುವುದಾಗಿ ಸುಳ್ಳು ನುಡಿದನು. ತನ್ನ ಲೆಕ್ಕವೇ ಇಲ್ಲದ ಬ್ಯಾಂಕಿನ ಮೇಲೆ ೧,೪೪೦ ಡಾಲರುಗಳಿಗೂ ಮಿಗಿಲಾದ ಚೆಕ್ಕನ್ನು ಬರೆದನು. ಆಗಸ್ಟಿನಲ್ಲಿ ಸೆರೆಯಾದನು. ಊರಿನ ಜನರು ಹಣವನ್ನು ಕೂಡಿಸಿ ಕೊರತೆಯನ್ನು ತುಂಬಿಕೊಟ್ಟರು. ಆದರೂ ಕೋರ್ಟ್ ಮಾರ್ಷಲ್ ಎಂಬ ಸೈನಿಕ ನ್ಯಾಯಸಭೆಯು ನಡೆದೇ ನಡೆಯಿತು. ಆರೋಪಗಳು ಎರಡು: ೩,೭೯೧ ಡಾಲರು ೭೭ ಸೆಂಟುಗಳ ಅಪಹಾರ ಮತ್ತು ಅಧಿಕಾರಿಗೆ ತಕ್ಕುದಲ್ಲದ ನಡತೆ. ೧೮೮೧ರ ಡಿಸೆಂಬರಿನಲ್ಲಿ ಸಭೆಯು ಮೊದಲನೆಯದರಲ್ಲಿ ಅವನನ್ನು ನಿರ್ದೋಷಿಯೆಂದೂ ಎರಡನೆಯದರಲ್ಲಿ ದೋಷಿಯೆಂದೂ ನಿರ್ಣಯಿಸಿ, ಸೈನ್ಯದಿಂದ ವಜಾ ಮಾಡಬೇಕೆಂದು ವಿಧಿಸಿತು. ಸೈನ್ಯದ ಮುಖ್ಯ ನ್ಯಾಯಾಧಿಕಾರಿಯು ದಂಡವನ್ನು ಲಘುಗೊಳಿಸುವಂತೆ ಶಿಫಾರಸು ಮಾಡಿದರೂ ಅಧ್ಯಕ್ಷನಾದ ಚೆಸ್ಟರ್ ಆರ್ಥರನು ಮೂಲ ತೀರ್ಪನ್ನೇ ಸ್ಥಿರಪಡಿಸಿದನು. ೧೮೮೨ರ ಜೂನ್ ೩೦ರಂದು ಫ್ಲಿಪ್ಪರನ ಸೇವಾಲೇಖ್ಯದಲ್ಲಿ 'ವಜಾ' ಎಂಬ ಶಬ್ದವು ಬಿದ್ದಿತು.

ಆ ಬಳಿಕ ಅವನು ಭೂಮಾಪಕನಾಗಿ, ಗಣಿಗಳ ಇಂಜಿನಿಯರನಾಗಿ ಬಾಳಿದನು. ೧೮೯೩ರಿಂದ ೧೯೦೧ರ ವರೆಗೆ ಅದೇ ಸರಕಾರದ ನ್ಯಾಯಾಂಗ ಇಲಾಖೆಯು, ಸ್ಪೇನ್ ಮತ್ತು ಮೆಕ್ಸಿಕೋ ಪ್ರಭುತ್ವಗಳ ಕಾಲದ ಭೂದಾನಪತ್ರಗಳನ್ನು ಪರಿಶೀಲಿಸಿ ಸಾಚಾ ಯಾವುದು ಖೋಟಾ ಯಾವುದು ಎಂದು ವಿಂಗಡಿಸುವ ನ್ಯಾಯಾಲಯದ ಕಾರ್ಯಕ್ಕಾಗಿ ಅವನನ್ನು ನೇಮಿಸಿಕೊಂಡಿತು. ಪರರ ಲೇಖ್ಯಗಳ ಶುದ್ಧಾಶುದ್ಧತೆಯನ್ನು ಪರೀಕ್ಷಿಸಲು ರಾಜ್ಯವು ಯಾರನ್ನು ಆಪ್ತನೆಂದು ನಂಬಿತೋ ಅವನ ಲೇಖ್ಯವನ್ನು ಮಾತ್ರ ಪರೀಕ್ಷಿಸಲು ಅದು ಒಪ್ಪಲಿಲ್ಲ. ಆ ಕಾಲದಲ್ಲಿ ಸೈನಿಕದಾಖಲೆಯನ್ನು ತಿದ್ದಿಸಬೇಕಾದರೆ ಕಾಂಗ್ರೆಸ್ ಎಂಬ ಶಾಸನಸಭೆಯಲ್ಲಿ ಆ ಒಬ್ಬನಿಗಾಗಿಯೇ ಪ್ರತ್ಯೇಕ ಮಸೂದೆಯೊಂದು ಅಂಗೀಕೃತವಾಗಬೇಕಾಗಿತ್ತು. ೧೮೯೮ರಲ್ಲಿ ಫ್ಲಿಪ್ಪರನು ತನ್ನ ಅಹವಾಲನ್ನು ಸಭೆಯ ಮುಂದಿಟ್ಟನು. ಅದೇ ವರ್ಷ ಷಾಫ್ಟರನು ಕ್ಯೂಬಾ ದಂಡಯಾತ್ರೆಯ ಸೇನಾಪತಿಯಾಗಿದ್ದನು. ೧೯೨೪ರ ವರೆಗೆ ಹಲವು ಬಾರಿ ಮಸೂದೆಗಳು ಬಂದುವು, ಒಂದೂ ಶಾಸನವಾಗಲಿಲ್ಲ. ೧೯೪೦ರಲ್ಲಿ ಅವನು ಅಟ್ಲಾಂಟಾ ನಗರದಲ್ಲಿ ತೀರಿಕೊಂಡನು.

ಅವನು ಗತಿಸಿದ ಆರು ವರ್ಷಗಳಿಗೆ ಮಾರ್ಗವೇ ಬದಲಾಯಿತು. ಇಂತಹ ಖಾಸಗಿ ಮಸೂದೆಗಳ ಹೊರೆಯಿಂದ ಬೇಸತ್ತ ಕಾಂಗ್ರೆಸ್ಸು ೧೯೪೬ರ ಶಾಸನದಿಂದ ಅವುಗಳನ್ನು ನಿಷೇಧಿಸಿ, ತಿದ್ದುವ ಅಧಿಕಾರವನ್ನು ಆಯಾ ಸೇನಾ ಇಲಾಖೆಯ ಕಾರ್ಯದರ್ಶಿಗೆ ಒಪ್ಪಿಸಿತು. ಸೈನಿಕರಲ್ಲದ ನಾಗರಿಕರಿಂದಲೇ ಕೂಡಿದ ಮಂಡಲಿಯ ಮೂಲಕ ಅವನು ಈ ಕಾರ್ಯವನ್ನು ನಡೆಯಿಸತಕ್ಕದ್ದು. ತಿದ್ದುಪಡಿಗೆ ಎರಡು ನಿಮಿತ್ತಗಳು ಹೇಳಲ್ಪಟ್ಟಿವೆ: ದಾಖಲೆಯಲ್ಲಿನ ದೋಷ, ಇಲ್ಲವೆ ಅನ್ಯಾಯ. ಸ್ಮೃತಿಯಲ್ಲಿ ಬೇರೆಬೇರೆಯಾಗಿದ್ದ ಪತ್ರಶುದ್ಧಿಯೂ ನ್ಯಾಯಶುದ್ಧಿಯೂ ಇಲ್ಲಿ ಒಂದೇ ಸೂತ್ರದಲ್ಲಿ ಕೂಡಿವೆ. ದೋಷವು ತಿಳಿದ ಮೂರು ವರ್ಷಗಳೊಳಗೆ ಅರ್ಜಿಯನ್ನು ಸಲ್ಲಿಸಬೇಕೆಂಬ ನಿಯಮವಿದ್ದರೂ, ನ್ಯಾಯದ ದೃಷ್ಟಿಯಿಂದ ಆ ಅವಧಿಯನ್ನು ಮನ್ನಿಸುವ ಅಧಿಕಾರವು ಮಂಡಲಿಗೆ ಉಂಟು.

ಈ ಅವಕಾಶವೇ ಫ್ಲಿಪ್ಪರನ ಪಾಲಿಗೆ ಬಾಗಿಲಾಯಿತು. ಜಾರ್ಜಿಯಾದ ಒಬ್ಬ ಶಾಲಾ ಉಪಾಧ್ಯಾಯನೂ ಫ್ಲಿಪ್ಪರನ ವಂಶದವರೂ ಮುಂದೆ ಬಂದು ಅರ್ಜಿಯನ್ನು ಸಲ್ಲಿಸಿದರು. ಅಪರಾಧನಿರ್ಣಯವನ್ನು ರದ್ದುಗೊಳಿಸುವ ಅಧಿಕಾರವು ತನಗಿಲ್ಲವೆಂದು ಮಂಡಲಿಯು ಒಪ್ಪಿಕೊಂಡಿತು. ಆದರೆ ದಂಡವು ಅತಿಕಠೋರವೂ ಅನ್ಯಾಯವೂ ಆಗಿತ್ತೆಂದು ಕಂಡುಕೊಂಡಿತು. ೧೯೭೬ರಲ್ಲಿ ವಜಾ ಎಂಬುದರ ಸ್ಥಾನದಲ್ಲಿ ಗೌರವಪೂರ್ವಕವಾದ ಬಿಡುಗಡೆಪತ್ರವು ಹೊರಟಿತು. ಪತ್ರದ ತಾರೀಖು ಮಾತ್ರ ೧೮೮೨ರ ಜೂನ್ ೩೦. ೧೯೭೮ರಲ್ಲಿ ಅವನ ಅಸ್ಥಿಗಳನ್ನು ಥಾಮಸ್‌ವಿಲ್ಲಿಗೆ ತಂದು ಸೈನಿಕ ಮರ್ಯಾದೆಯೊಡನೆ ಸಮಾಧಿ ಮಾಡಿದರು. ೧೯೯೯ರ ಫೆಬ್ರವರಿ ೧೯ರಂದು ಅಧ್ಯಕ್ಷ ಕ್ಲಿಂಟನನು ಅವನಿಗೆ ಕ್ಷಮಾದಾನವನ್ನಿತ್ತನು.

ಇಲ್ಲಿ ಪೂರ್ವಪಕ್ಷವೊಂದು ಏಳುವುದು. ಫ್ಲಿಪ್ಪರನು ಸುಳ್ಳು ನುಡಿದುದೂ ಬೆಲೆಯಿಲ್ಲದ ಚೆಕ್ಕನ್ನು ಬರೆದುದೂ ನಿಜವಾಗಿರಲಾಗಿ ದಾಖಲೆಯಲ್ಲಿ ದೋಷವೆಲ್ಲಿ? ನೂರು ವರ್ಷಗಳ ತರುವಾಯ ಹಳೆಯ ಬರಹವನ್ನು ತಿದ್ದುವುದಾದರೆ ಇತಿಹಾಸಕ್ಕೆ ಆಧಾರವೇನು ಉಳಿಯುವುದು? ಇದಕ್ಕೆ ಸಮಾಧಾನವು ಹೀಗೆ: ದೋಷವಿದ್ದುದು ಘಟನೆಯ ಕಥನದಲ್ಲಲ್ಲ, ಅಪರಾಧಕ್ಕೂ ದಂಡಕ್ಕೂ ಇರಬೇಕಾದ ಅನುಪಾತದಲ್ಲಿ. ಇದಕ್ಕಿಂತ ಗುರುತರವಾದ ತಪ್ಪನ್ನೆಸಗಿದ ಬಿಳಿಯ ಅಧಿಕಾರಿಗಳು ಲಘುದಂಡದಿಂದ ಪಾರಾದ ಉದಾಹರಣೆಗಳು ಅದೇ ಸೈನ್ಯದ ದಾಖಲೆಗಳಲ್ಲಿವೆ. ಇನ್ನು, ತಿದ್ದುಪಡಿಯಿಂದ ಹಳೆಯ ಓಲೆಯು ಸುಡಲ್ಪಡಲಿಲ್ಲ. ೧೮೮೧ರ ವಿಚಾರಣೆಯ ಕಾಗದಗಳು ರಾಷ್ಟ್ರೀಯ ಪತ್ರಾಗಾರದಲ್ಲಿ ಸುರಕ್ಷಿತವಾಗಿವೆ. ಶೋಧನೆಯೆಂದರೆ ಅಳಿಸುವುದಲ್ಲ, ಹಿಂದಿನ ಪಾಠವನ್ನು ಉಳಿಸಿಕೊಂಡು ಅದರ ಪಕ್ಕದಲ್ಲಿ ಶುದ್ಧಪಾಠವನ್ನು ನಿಲ್ಲಿಸುವುದು. ಗ್ರಂಥಸಂಪಾದನೆಯಲ್ಲಿ ತೊಡಗಿದವರಿಗೆ ಈ ಮರ್ಯಾದೆಯನ್ನು ವಿವರಿಸಬೇಕಾದುದಿಲ್ಲ.

ಇದೇ ಮಾರ್ಗದ ಮತ್ತೊಂದು ಪ್ರಕರಣವು ಬ್ರೌನ್ಸ್‌ವಿಲ್ಲಿನದು. ೧೯೦೬ರ ಆಗಸ್ಟಿನಲ್ಲಿ ಟೆಕ್ಸಾಸಿನ ಆ ಊರಿನಲ್ಲಿ ರಾತ್ರಿ ಗುಂಡು ಹಾರಿ ಒಬ್ಬನು ಸತ್ತನು. ಅಪರಾಧಿಗಳು ಯಾರೆಂದು ಗೊತ್ತಾಗದೆ ಇರಲು ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟನು ಇಪ್ಪತ್ತೈದನೆಯ ಕಾಲ್ದಳದ ೧೬೭ ಮಂದಿ ಕಪ್ಪು ಸೈನಿಕರನ್ನು ವಿಚಾರಣೆಯಿಲ್ಲದೆಯೇ ಗೌರವರಹಿತವಾಗಿ ಹೊರದೂಡಿದನು. ೧೯೭೨ರಲ್ಲಿ ಅವರ ದಾಖಲೆಗಳು ತಿದ್ದಲ್ಪಟ್ಟುವು. ಬಹುಕಾಲ ಮಿನ್ನಿಯಾಪೊಲಿಸಿನಲ್ಲಿ ಪಾದರಕ್ಷೆಗಳಿಗೆ ಮೆರುಗು ಹಾಕಿ ಜೀವಿಸಿದ್ದ ಡಾರ್ಸೀ ವಿಲ್ಲಿಸನು ೮೭ನೆಯ ವಯಸ್ಸಿನಲ್ಲಿ ತನ್ನ ಗೌರವಪತ್ರವನ್ನು ಸ್ವಹಸ್ತದಿಂದ ಸ್ವೀಕರಿಸಿದನು. ಬಳಿಕ ೨೫,೦೦೦ ಡಾಲರುಗಳೂ ದೊರೆತುವು.

ಲೇಖ್ಯವೇ ನಾಶವಾದರೆ ಗತಿಯೇನೆಂಬುದಕ್ಕೂ ಆ ದೇಶದಲ್ಲಿ ನಿದರ್ಶನವುಂಟು. ೧೯೭೩ರ ಜುಲೈ ೧೨ರಂದು ಸೇಂಟ್ ಲೂಯಿಸ್ ನಗರದ ಸೇವಾದಾಖಲೆಗಳ ಭವನಕ್ಕೆ ಬೆಂಕಿ ಬಿದ್ದು ಒಂದು ಕೋಟಿ ಅರವತ್ತು ಲಕ್ಷದಿಂದ ಒಂದು ಕೋಟಿ ಎಂಬತ್ತು ಲಕ್ಷದ ವರೆಗೆ ಕಡತಗಳು ದಗ್ಧವಾದುವು. ೧೯೧೨ರಿಂದ ೧೯೬೦ರ ವರೆಗೆ ಭೂಸೈನ್ಯದಿಂದ ಬಿಡುಗಡೆಯಾದವರ ಕಡತಗಳಲ್ಲಿ ನೂರಕ್ಕೆ ಎಂಬತ್ತರಷ್ಟು ಹೋದುವು, ಪ್ರತಿಗಳೂ ಇರಲಿಲ್ಲ. ಸಂಬಳದ ಪಟ್ಟಿ ಮೊದಲಾದ ಇತರ ಕಾಗದಗಳಿಂದ ಸೇವೆಯನ್ನು ಪುನಃ ನಿರೂಪಿಸುವ ಕಾರ್ಯವು ಸ್ಮೃತಿಯಲ್ಲಿ ದಗ್ಧಲೇಖ್ಯಕ್ಕೆ ವಿಧಿಸಿದ ಅದೇ ಮಾರ್ಗವಾಗಿದೆ.

ಈ ವೃತ್ತಾಂತದಿಂದ ಸಿದ್ಧವಾಗುವುದೇನೆಂದರೆ: ಶೋಧನೆ, ಕ್ಷಮೆ, ಪುನರ್ನ್ಯಾಯ ಇವು ಮೂರೂ ಭಿನ್ನವಾದುವು. ದಂಡವಿಧಿಸಿದವರೇ ತಪ್ಪಿದರೆಂಬುದು ಶೋಧನೆಯ ಅರ್ಥ. ತಪ್ಪಿದವನನ್ನು ಮನ್ನಿಸಿದೆವೆಂಬುದು ಕ್ಷಮೆಯ ಅರ್ಥ. ತಪ್ಪಿತ್ತೇ ಇಲ್ಲವೇ ಎಂದು ಮೊದಲಿನಿಂದ ನೋಡುವುದು ಪುನರ್ನ್ಯಾಯ. ಫ್ಲಿಪ್ಪರನಿಗೆ ಮೊದಲನೆಯದು ವಜಾ ಆದ ೯೪ ವರ್ಷಗಳಿಗೆ, ಎರಡನೆಯದು ೧೧೭ ವರ್ಷಗಳಿಗೆ ಲಭಿಸಿದುವು. ಮೂರನೆಯದು ಲಭಿಸಲಿಲ್ಲ. ಕಳೆದುಕೊಂಡ ದರ್ಜೆಯನ್ನು ಮರಳಿ ಪಡೆಯಬೇಕೆಂದು ಅವನು ಬದುಕಿದ್ದಾಗ ಬೇಡಿದನು. ಬಂದ ಪತ್ರಗಳೆರಡೂ ಅವನ ಸಮಾಧಿಗೆ ಬಂದುವು. ಲೇಖ್ಯವನ್ನು ಎಂದಾದರೂ ತಿದ್ದಬಹುದು. ಲೇಖ್ಯದಿಂದ ನೊಂದ ಆಯುಸ್ಸನ್ನು ತಿದ್ದಲಾಗದು. ಆದಕಾರಣ ದಾಖಲೆಯನ್ನು ಬರೆಯುವವನ ಎಚ್ಚರವೇ ನ್ಯಾಯದ ಮೊದಲನೆಯ ಮೆಟ್ಟಿಲೆಂದು ತಿಳಿಯತಕ್ಕದ್ದು.