‘ಕಂಪ್ಯೂಟರ್’ ಪದಕ್ಕೆ ಫುಲ್ ಫಾರ್ಮ್ ಇದೆಯಾ? ವಾಟ್ಸಾಪ್‌ನಲ್ಲಿ ಓಡಾಡುವ ಇಂಗ್ಲಿಷ್ ಪದಗಳ ಕಥೆ ಎಷ್ಟು ನಿಜ?

‘ದಿನಾ ಬಳಸುವ ಈ ಪದಗಳ ಫುಲ್ ಫಾರ್ಮ್ 99% ಜನರಿಗೆ ಗೊತ್ತಿಲ್ಲ, ನಿಮ್ಮ ಮಕ್ಕಳಿಗೆ ತಪ್ಪದೆ ಕಳಿಸಿ’ ಎಂಬ ಮೆಸೇಜ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರುತ್ತದೆ. ನ್ಯೂಸ್ ಎಂದರೆ ನಾರ್ತ್, ಈಸ್ಟ್, ವೆಸ್ಟ್, ಸೌತ್. ಗಾಲ್ಫ್ ಎಂದರೆ ಜಂಟಲ್‌ಮೆನ್ ಓನ್ಲಿ, ಲೇಡೀಸ್ ಫರ್ಬಿಡನ್. ಟಿಪ್ ಎಂದರೆ ಟು ಇನ್ಶೂರ್ ಪ್ರಾಂಪ್ಟ್‌ನೆಸ್. ಕೊನೆಗೆ ಕಂಪ್ಯೂಟರ್, ಅದಕ್ಕೊಂದು ಮಾರುದ್ದದ ವಾಕ್ಯ: ಕಾಮನ್ಲಿ ಆಪರೇಟೆಡ್ ಮೆಷಿನ್ ಪರ್ಟಿಕ್ಯುಲರ್ಲಿ ಯೂಸ್ಡ್ ಫಾರ್ ಟೆಕ್ನಿಕಲ್ ಆ್ಯಂಡ್ ಎಜುಕೇಶನಲ್ ರಿಸರ್ಚ್.

ಇವು ನಾಲ್ಕೂ ಸುಳ್ಳು.

‘ಇರಲಿ ಬಿಡಿ, ಇದರಿಂದ ಯಾರಿಗೇನು ನಷ್ಟ’ ಎಂದು ನಾನೂ ಸುಮ್ಮನಿದ್ದೆ. ಆದರೆ ಐದನೇ ಕ್ಲಾಸಿನಲ್ಲಿರುವ ನನ್ನ ಅಕ್ಕನ ಮಗಳ ಜಿ.ಕೆ. ಟೆಸ್ಟಿನಲ್ಲಿ ‘ಕಂಪ್ಯೂಟರ್ ಪದದ ಪೂರ್ಣ ರೂಪ ಬರೆಯಿರಿ’ ಎಂಬ ಪ್ರಶ್ನೆ ಬಂತು. ಅದಕ್ಕೆ ಪೂರ್ಣ ರೂಪವೇ ಇಲ್ಲ ಎಂದು ನಾನು ಮೊದಲೇ ಹೇಳಿದ್ದರಿಂದ ಅವಳು ಆ ಜಾಗ ಖಾಲಿ ಬಿಟ್ಟಳು, ಎರಡು ಅಂಕ ಹೋಯಿತು. ‘ಮಾಮ, ನೀನು ಹೇಳಿದ್ದು ಸರಿಯಾಗಿದ್ದರೆ ಮಿಸ್ ಯಾಕೆ ತಪ್ಪು ಹಾಕಿದರು?’ ಎಂದು ಅವಳು ಕೇಳಿದಾಗ ನನ್ನ ಬಳಿ ಚುಟುಕಾದ ಉತ್ತರ ಇರಲಿಲ್ಲ. ಉದ್ದದ ಉತ್ತರ ಇಲ್ಲಿದೆ.

ಕಂಪ್ಯೂಟರ್ ಎಂದರೆ ಮೊದಲು ಮನುಷ್ಯ

ಕಂಪ್ಯೂಟರ್ ಎಂಬ ಪದ ಇಂಗ್ಲಿಷ್ ಪುಸ್ತಕದಲ್ಲಿ 1613ರಲ್ಲೇ ಅಚ್ಚಾಗಿದೆ. ಆಗ ಯಂತ್ರವೂ ಇರಲಿಲ್ಲ, ವಿದ್ಯುತ್ತೂ ಇರಲಿಲ್ಲ. ಲೆಕ್ಕ ಹಾಕು ಎಂಬ ಅರ್ಥದ ಲ್ಯಾಟಿನ್ ಪದ ‘ಕಂಪ್ಯುಟಾರೆ’. ಅದರಿಂದ ಬಂದ ಕಂಪ್ಯೂಟರ್ ಎಂದರೆ ಲೆಕ್ಕ ಹಾಕುವವನು, ಅಷ್ಟೇ. ಟೀಚ್ ಮಾಡುವವರು ಟೀಚರ್ ಆದ ಹಾಗೆ ಕಂಪ್ಯೂಟ್ ಮಾಡುವವರು ಕಂಪ್ಯೂಟರ್.

ಮುಂದೆ ಇದು ಒಂದು ಉದ್ಯೋಗದ ಹೆಸರೇ ಆಯಿತು. 1760ರ ದಶಕದಲ್ಲಿ ಬ್ರಿಟನ್ನಿನಲ್ಲಿ ನಾವಿಕರಿಗಾಗಿ ವರ್ಷವರ್ಷವೂ ನಕ್ಷತ್ರ, ಚಂದ್ರರ ಸ್ಥಾನದ ಪಂಚಾಂಗ ತಯಾರಿಸಲು ಶುರುಮಾಡಿದಾಗ, ಮನೆಯಲ್ಲೇ ಕೂತು ಪುಟಗಟ್ಟಲೆ ಲೆಕ್ಕ ಮಾಡಿಕೊಡುವವರನ್ನು ನೇಮಿಸಿಕೊಂಡರು. ಅವರೇ ಕಂಪ್ಯೂಟರ್‌ಗಳು. ಅಮೆರಿಕದಲ್ಲಿ ಕ್ಯಾಥರೀನ್ ಜಾನ್ಸನ್ ಎಂಬ ಗಣಿತಜ್ಞೆ ಬಾಹ್ಯಾಕಾಶ ಸಂಸ್ಥೆ ನಾಸಾದಲ್ಲಿ ಇದೇ ಪರಂಪರೆಯಲ್ಲಿ ಕೆಲಸ ಮಾಡಿದವರು. 1962ರಲ್ಲಿ ಜಾನ್ ಗ್ಲೆನ್ ಭೂಮಿಯನ್ನು ಸುತ್ತಿ ಬರುವ ಮೊದಲು, ಯಂತ್ರ ಹಾಕಿದ ಲೆಕ್ಕವನ್ನು ಅವರು ಕೈಯಲ್ಲಿ ಮತ್ತೊಮ್ಮೆ ಮಾಡಿ ತಾಳೆ ನೋಡಿದ್ದರು. ಯಂತ್ರ ಬಂದ ಮೇಲೆ ಕೆಲಸದ ಜೊತೆ ಹೆಸರೂ ಯಂತ್ರಕ್ಕೆ ಹೋಯಿತು.

ನಮ್ಮ ಬೆಂಗಳೂರಿನಲ್ಲಿ 1929ರಲ್ಲಿ ಹುಟ್ಟಿದ ಶಕುಂತಲಾ ದೇವಿಯವರನ್ನು ಜಗತ್ತು ‘ಮಾನವ ಕಂಪ್ಯೂಟರ್’ ಎಂದು ಕರೆಯಿತು. 1980ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಮನಸ್ಸಿನಲ್ಲೇ ಗುಣಿಸಿದವರು ಅವರು. ಪದದ ಹಳೆಯ ಅರ್ಥ ಹಿಡಿದು ನೋಡಿದರೆ ಅವರಿಗೆ ‘ಮಾನವ’ ಎಂಬ ವಿಶೇಷಣವೇ ಬೇಕಿರಲಿಲ್ಲ!

ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಮಗುವಿನ ಕೈಯಲ್ಲಿ ಶಾಲೆಗೆ ಕಳಿಸಿದೆ. ಅಂಕ ವಾಪಸ್ ಬರಲಿಲ್ಲ.

ಸುಳ್ಳು ಹಿಡಿಯಲು ಒಂದೇ ಪ್ರಶ್ನೆ ಸಾಕು

ಈ ಪದ ಎಷ್ಟು ಹಳೆಯದು? ಇದನ್ನು ಕೇಳಿದರೆ ಮುಕ್ಕಾಲು ಪಾಲು ಕಥೆಗಳು ಅಲ್ಲೇ ಮುಗಿಯುತ್ತವೆ. ಮೊದಲಕ್ಷರಗಳನ್ನು ಜೋಡಿಸಿ ಉಚ್ಚರಿಸಬಹುದಾದ ಹೊಸ ಪದ ಮಾಡುವ ರೂಢಿ ಇಂಗ್ಲಿಷಿನಲ್ಲಿ ವ್ಯಾಪಕವಾಗಿ ಬೆಳೆದದ್ದು 20ನೇ ಶತಮಾನದಲ್ಲಿ, ಅದರಲ್ಲೂ ಎರಡು ಮಹಾಯುದ್ಧಗಳ ಕಾಲದಲ್ಲಿ. ರೇಡಾರ್, ಲೇಸರ್ ನಿಜವಾಗಿಯೂ ಹೀಗೆ ಹುಟ್ಟಿದ ಪದಗಳು. ರೇಡಾರ್ ಹುಟ್ಟಿದ್ದು 1940ರಲ್ಲಿ. ಹಾಗಾಗಿ ಮುನ್ನೂರು, ನಾನೂರು ವರ್ಷ ಹಳೆಯ ಪದಕ್ಕೆ ಯಾರಾದರೂ ಫುಲ್ ಫಾರ್ಮ್ ಹೇಳಿದರೆ ಅನುಮಾನ ಪಡಿ.

ಗಾಲ್ಫ್ ನೋಡಿ. 1457ರಲ್ಲಿ ಸ್ಕಾಟ್ಲೆಂಡಿನ ಸಂಸತ್ತು ಫುಟ್‌ಬಾಲ್ ಜೊತೆಗೆ ಗಾಲ್ಫನ್ನೂ ನಿಷೇಧಿಸಿತ್ತು. ಹೆಂಗಸರು ಆಡುತ್ತಾರೆ ಎಂದಲ್ಲ, ಗಂಡಸರು ಇದರಲ್ಲೇ ಮೈಮರೆತು ಬಿಲ್ಲುವಿದ್ಯೆ ಅಭ್ಯಾಸ ಬಿಡುತ್ತಿದ್ದಾರೆ ಎಂದು. ಆ ಕಾಲದಲ್ಲಿ ಪದದ ಸ್ಪೆಲಿಂಗೇ ಗೌಫ್, ಗಾಫ್ ಎಂದು ಒಬ್ಬೊಬ್ಬರದು ಒಂದೊಂದು ಥರ. ಕೋಲು ಎಂಬರ್ಥದ ಡಚ್ ಪದ ‘ಕೋಲ್ಫ್’ ಇದರ ಮೂಲ ಎನ್ನುವುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ.

ನ್ಯೂಸ್ ಇನ್ನೂ ಸರಳ. ‘ನ್ಯೂ’ ಎಂದರೆ ಹೊಸತು, ‘ನ್ಯೂಸ್’ ಎಂದರೆ ಹೊಸ ಸಂಗತಿಗಳು. ನಾಲ್ಕು ದಿಕ್ಕಿನ ಚಮತ್ಕಾರ ವಾಟ್ಸಾಪ್‌ನವರು ಕಂಡುಹಿಡಿದದ್ದೂ ಅಲ್ಲ. 17ನೇ ಶತಮಾನದ ಇಂಗ್ಲಿಷ್ ಚುಟುಕದಲ್ಲೇ ಅದು ಇದೆ, ಆದರೆ ತಮಾಷೆಯಾಗಿ. ನಾವು ಅದನ್ನು ಇತಿಹಾಸ ಮಾಡಿಕೊಂಡೆವು. ಇನ್ನು ಟಿಪ್, 17ನೇ ಶತಮಾನದ ಆರಂಭದ ಇಂಗ್ಲಿಷ್ ಕಳ್ಳರ ಗುಪ್ತಭಾಷೆಯಲ್ಲಿ ‘ಕೊಡು’ ಎಂಬ ಅರ್ಥದಲ್ಲಿ ಇದ್ದ ಮಾತು.

ಭಾರತಕ್ಕೆ ಬರುತ್ತಿದ್ದ ಹಡಗು ಮತ್ತು ‘ಪಾಶ್’

ಈ ಎಲ್ಲ ಕಥೆಗಳಲ್ಲಿ ನನಗೆ ಅತಿ ಇಷ್ಟವಾದದ್ದು ಇದು. ಸುಳ್ಳಾದರೂ ಎಷ್ಟು ಚೆನ್ನಾಗಿ ಕಟ್ಟಿದ್ದಾರೆ ಎಂದರೆ ನಂಬದಿರುವುದು ಕಷ್ಟ.

ಬ್ರಿಟಿಷರ ಕಾಲದಲ್ಲಿ ಇಂಗ್ಲೆಂಡಿನಿಂದ ಸೂಯೆಜ್ ಕಾಲುವೆ, ಕೆಂಪು ಸಮುದ್ರ ದಾಟಿ ಬಾಂಬೆಗೆ ಹಡಗುಗಳು ಬರುತ್ತಿದ್ದವು. ಅರಬ್ಬಿ ಸಮುದ್ರದಲ್ಲಿ ಹಡಗು ಪೂರ್ವಕ್ಕೆ ಸಾಗುವಾಗ ಅದರ ಎಡಬದಿ ಉತ್ತರಕ್ಕೆ ಇರುತ್ತದೆ, ಅಲ್ಲಿ ಬಿಸಿಲು ಕಡಿಮೆ. ವಾಪಸ್ ಹೋಗುವಾಗ ಬಲಬದಿಗೆ ನೆರಳು. ಹಡಗಿನ ಭಾಷೆಯಲ್ಲಿ ಎಡಬದಿ ಪೋರ್ಟ್, ಬಲಬದಿ ಸ್ಟಾರ್‌ಬೋರ್ಡ್. ಶ್ರೀಮಂತರು ಹೆಚ್ಚು ದುಡ್ಡು ಕೊಟ್ಟು ‘ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್’ ಎಂದು ತಂಪು ಕ್ಯಾಬಿನ್ ಬುಕ್ ಮಾಡುತ್ತಿದ್ದರು, ಟಿಕೆಟ್ ಮೇಲೆ ಪಿ.ಓ.ಎಸ್.ಎಚ್. ಎಂದು ಮುದ್ರೆ ಒತ್ತುತ್ತಿದ್ದರು, ಹಾಗಾಗಿ ಸಿರಿವಂತಿಕೆಗೆ ಪಾಶ್ ಎಂಬ ಹೆಸರು ಬಂತು ಎನ್ನುತ್ತದೆ ಕಥೆ.

ಬಿಸಿಲಿನ ಲೆಕ್ಕ ಸರಿಯಾಗಿಯೇ ಇದೆ. ತೊಂದರೆ ಇರುವುದು ಟಿಕೆಟ್‌ನಲ್ಲಿ. ಅಂಥ ಮುದ್ರೆಯಿರುವ ಒಂದೇ ಒಂದು ಟಿಕೆಟ್ ಇವತ್ತಿನವರೆಗೆ ಸಿಕ್ಕಿಲ್ಲ. ಆ ಮಾರ್ಗದಲ್ಲಿ ಹಡಗು ಓಡಿಸುತ್ತಿದ್ದ ಪಿ ಆ್ಯಂಡ್ ಓ ಕಂಪನಿಯ ಹಳೆಯ ದಾಖಲೆಗಳಲ್ಲೂ ಸುಳಿವಿಲ್ಲ. ಪದ ‘ಠಾಕುಠೀಕು’ ಎಂಬ ಅರ್ಥದಲ್ಲಿ 1914ರ ಹೊತ್ತಿಗೆ ಅಚ್ಚಿನಲ್ಲಿದೆ, ಈ ಹಡಗಿನ ಕಥೆ ಪತ್ರಿಕೆಯಲ್ಲಿ ಕಾಣಿಸಿಕೊಂಡದ್ದು 1930ರ ದಶಕದಲ್ಲಿ. ಅಂದರೆ ಪದ ಮೊದಲು, ಕಥೆ ಆಮೇಲೆ. 19ನೇ ಶತಮಾನದ ಬೀದಿಮಾತಿನಲ್ಲಿ ಪಾಶ್ ಎಂದರೆ ಶೋಕಿಲಾಲ ಎಂಬ ಅರ್ಥವಿತ್ತು, ಅರ್ಧ ಪೆನ್ನಿಯ ಚಿಲ್ಲರೆ ಕಾಸು ಎಂಬ ಅರ್ಥವೂ ಇತ್ತು. ಎರಡನೆಯದು ಯುರೋಪಿನ ರೋಮಾನಿ ಅಲೆಮಾರಿಗಳ ಭಾಷೆಯಿಂದ ಬಂದದ್ದು, ಅಲ್ಲಿ ಪಾಶ್ ಎಂದರೆ ಅರ್ಧ. ರೋಮಾನಿ ಮೂಲತಃ ಭಾರತದ ಭಾಷೆಗಳ ಬಳಗಕ್ಕೇ ಸೇರಿದ್ದು. ಹಾಗಾಗಿ ಭಾರತದ ಸಂಬಂಧ ಇದ್ದರೂ ಇರಬಹುದು, ಆದರೆ ಅದು ಹಡಗಿನ ಕ್ಯಾಬಿನ್ನಿನದಲ್ಲ, ಬಡವರ ಜೇಬಿನದು.

ಆಫೀಸಿನಲ್ಲಿ ‘ಪಾಶ್ ಟ್ರೈನಿಂಗ್’ಗೆ ಕೂತವರು ಗೊಂದಲ ಮಾಡಿಕೊಳ್ಳಬೇಡಿ. ಲೈಂಗಿಕ ಕಿರುಕುಳ ತಡೆಯ 2013ರ ಕಾಯ್ದೆಗೆ ಹೇಳುವ ಪಾಶ್ ನಿಜವಾದ ಮೊದಲಕ್ಷರದ ಪದ. ಅದು ಬೇರೆ, ಇದು ಬೇರೆ.

ಪದಕ್ಕಿಂತ ಕಥೆ ತಡವಾಗಿ ಹುಟ್ಟುವ ರೋಗ ನಮ್ಮಲ್ಲೂ ಇದೆ. ಹೊಯ್ಸಳರ ಬಲ್ಲಾಳ ರಾಜನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ‘ಬೆಂದಕಾಳೂರು’ ಬೆಂಗಳೂರಾಯಿತು ಎಂದು ಕೇಳಿಯೇ ಬೆಳೆದಿದ್ದೇವೆ. ವೀರಬಲ್ಲಾಳ ಆಳಿದ್ದು 12-13ನೇ ಶತಮಾನದಲ್ಲಿ. ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿರುವ ಸುಮಾರು ಕ್ರಿ.ಶ. 890ರ ವೀರಗಲ್ಲಿನಲ್ಲಿ ‘ಬೆಂಗಳೂರು ಕಾಳಗ’ದ ಪ್ರಸ್ತಾಪ ಆಗಲೇ ಇದೆ. ಅಜ್ಜಿ ಕಾಳು ಬೇಯಿಸುವ ಮುನ್ನೂರು ವರ್ಷ ಮೊದಲೇ ಊರಿಗೆ ಹೆಸರಿತ್ತು.

ಹಾಗಾದರೆ ‘ಓಕೆ’?

ಇದೊಂದು ಸೊಗಸಾದ ಅಪವಾದ. ಯುದ್ಧದಲ್ಲಿ ಯಾರೂ ಸಾಯದಿದ್ದರೆ ಬೋರ್ಡಿನ ಮೇಲೆ ‘ಝೀರೋ ಕಿಲ್ಡ್’ ಎಂದು ಬರೆಯುತ್ತಿದ್ದರು, ಅದೇ ಓಕೆ ಎಂಬ ಫಾರ್ವರ್ಡ್ ಸುಳ್ಳು. ಆದರೆ ಓಕೆ ನಿಜವಾಗಿಯೂ ಎರಡು ಮೊದಲಕ್ಷರಗಳೇ. 1830ರ ದಶಕದ ಕೊನೆಯಲ್ಲಿ ಅಮೆರಿಕದ ಬಾಸ್ಟನ್ ಪತ್ರಿಕೆಗಳವರಿಗೆ ಒಂದು ಹುಚ್ಚು ಹಿಡಿದಿತ್ತು. ಬೇಕೆಂದೇ ಸ್ಪೆಲಿಂಗ್ ತಪ್ಪು ಬರೆದು, ಅದರ ಮೊದಲಕ್ಷರ ಮಾತ್ರ ಹಾಕುವುದು. ಇವತ್ತು ನಮ್ಮ ಹುಡುಗರು ಚಾಟ್‌ನಲ್ಲಿ ಮಾಡುವುದೂ ಇದನ್ನೇ ತಾನೆ! ‘ಆಲ್ ಕರೆಕ್ಟ್’ ಎಂಬುದನ್ನು ‘ಓ’ ಮತ್ತು ‘ಕೆ’ಯಿಂದ ಶುರುವಾಗುವಂತೆ ತಪ್ಪಾಗಿ ಬರೆದು ಓ.ಕೆ. ಮಾಡಿದರು. 1839ರ ಮಾರ್ಚ್ 23ರ ಬಾಸ್ಟನ್ ಮಾರ್ನಿಂಗ್ ಪೋಸ್ಟ್ ಪತ್ರಿಕೆಯಲ್ಲಿ ಅದು ಅಚ್ಚಾಯಿತು.

ಇಂಥ ಎಷ್ಟೋ ಜೋಕುಗಳು ಸತ್ತುಹೋದವು, ಇದು ಬದುಕಿದ್ದು ಚುನಾವಣೆಯ ದೆಸೆಯಿಂದ. 1840ರಲ್ಲಿ ಅಧ್ಯಕ್ಷ ಮಾರ್ಟಿನ್ ವ್ಯಾನ್ ಬ್ಯೂರೆನ್ ಮತ್ತೆ ಸ್ಪರ್ಧಿಸಿದಾಗ, ಅವರ ಊರು ಕಿಂಡರ್‌ಹುಕ್ ಆದ್ದರಿಂದ ‘ಓಲ್ಡ್ ಕಿಂಡರ್‌ಹುಕ್’ ಎಂಬ ಅಡ್ಡಹೆಸರಿನಲ್ಲಿ ಬೆಂಬಲಿಗರು ಓ.ಕೆ. ಕ್ಲಬ್ಬುಗಳನ್ನು ಕಟ್ಟಿದರು. ಅವರು ಸೋತರು, ಓಕೆ ಗೆದ್ದಿತು. ಇದನ್ನೆಲ್ಲ ಹಳೆಯ ಪತ್ರಿಕೆಗಳಿಂದ ಹೆಕ್ಕಿ 1960ರ ದಶಕದಲ್ಲಿ ಸಾಬೀತು ಮಾಡಿದವರು ಭಾಷಾ ವಿದ್ವಾಂಸ ಅಲೆನ್ ವಾಕರ್ ರೀಡ್.

ಅರ್ಧ ಸತ್ಯ, ಪೂರ್ತಿ ಸತ್ಯ

‘ಸ್ಯಾಲರಿ’ಗೂ ಉಪ್ಪಿಗೂ ನಂಟಿದೆ ಎನ್ನುವುದು ಸರಿ. ಲ್ಯಾಟಿನ್ನಿನ ‘ಸಲಾರಿಯಂ’ನಲ್ಲಿ ಉಪ್ಪು ಎಂಬರ್ಥದ ‘ಸಾಲ್’ ಇದೆ. ಆದರೆ ರೋಮನ್ ಸೈನಿಕರಿಗೆ ಸಂಬಳವಾಗಿ ಉಪ್ಪನ್ನೇ ಅಳೆದು ಕೊಡುತ್ತಿದ್ದರು ಎನ್ನುವುದಕ್ಕೆ ಆಧಾರವಿಲ್ಲ, ಅವರಿಗೆ ಸಿಗುತ್ತಿದ್ದುದು ನಾಣ್ಯ.

‘ಕ್ವಾರಂಟೈನ್’ ಕಥೆ ಪೂರ್ತಿ ನಿಜ. ಪ್ಲೇಗಿನ ಭಯದಿಂದ ಈಗಿನ ಡುಬ್ರೊವ್ನಿಕ್ ಊರಿನವರು 1377ರಲ್ಲಿ ಹೊರಗಿನಿಂದ ಬಂದವರನ್ನು 30 ದಿನ ದೂರ ಇಡುವ ನಿಯಮ ಮಾಡಿದರು. ಮುಂದೆ ಅದು 40 ದಿನವಾಯಿತು. ವೆನಿಸ್ಸಿನವರ ಮಾತಿನಲ್ಲಿ ನಲವತ್ತಕ್ಕೆ ‘ಕ್ವಾರಂಟಾ’. ಕೊರೊನಾ ಕಾಲದಲ್ಲಿ ಕೈಗೆ ಸೀಲ್ ಹಾಕಿಸಿಕೊಂಡು 14 ದಿನ ಮನೆಯಲ್ಲಿ ಕೂತವರೂ ಹೇಳಿದ್ದು ‘ನಲವತ್ತು’ ಎಂದೇ. ‘ಗುಡ್‌ಬೈ’ ಕೂಡ ನಿಜ. ‘ದೇವರು ನಿಮ್ಮ ಜೊತೆಗಿರಲಿ’ ಎಂಬ ಹಾರೈಕೆ ಸವೆದು ಸವೆದು ಹೀಗಾಗಿದೆ.

ಫಾರ್ವರ್ಡ್‌ಗಳಲ್ಲಿ ಬಾರದ ನಿಜ ಸಂಗತಿಗಳೇ ಹೆಚ್ಚು ಮಜಾ. ಒಬ್ಬರನ್ನು ‘ನೈಸ್’ ಎಂದರೆ ಸುಮಾರು 700 ವರ್ಷದ ಹಿಂದೆ ದಡ್ಡ ಎಂದು ಬೈದಂತೆ, ಏನೂ ತಿಳಿಯದವನು ಎಂಬ ಲ್ಯಾಟಿನ್ ಪದ ಅದರ ಮೂಲ. ‘ಸಿಲ್ಲಿ’ ತದ್ವಿರುದ್ಧ. ಅದು ಧನ್ಯ, ಪುಣ್ಯವಂತ ಎಂಬ ಅರ್ಥದಿಂದ ಹೊರಟು, ಮುಗ್ಧ, ಪಾಪದವನು ಎಂದಾಗಿ, ಕೊನೆಗೆ ಪೆದ್ದ ಎಂದು ನಿಂತಿತು. ನಮ್ಮ ‘ಮುಗ್ಧ’ ಇದರ ಉಲ್ಟಾ ದಾರಿ ಹಿಡಿದಿದೆ. ಸಂಸ್ಕೃತದಲ್ಲಿ ಅದರ ಮೊದಲ ಅರ್ಥ ಕಕ್ಕಾಬಿಕ್ಕಿಯಾದವನು, ಮಂಕಾದವನು ಎಂದು. ಹಳೆಯ ಧರ್ಮಶಾಸ್ತ್ರಗಳಲ್ಲಿ ‘ಸಾಹಸ’ ಎಂದರೆ ಬಲಾತ್ಕಾರದ ಅಪರಾಧ, ಈಗ ಅದಕ್ಕೆ ಪ್ರಶಸ್ತಿ ಕೊಡುತ್ತೇವೆ.

ಪರೀಕ್ಷಿಸಬೇಕೆಂದರೆ ದೊಡ್ಡ ಗ್ರಂಥಾಲಯ ಬೇಕಿಲ್ಲ. ಒಳ್ಳೆಯ ಇಂಗ್ಲಿಷ್ ನಿಘಂಟುಗಳ ಆ್ಯಪ್ ತೆರೆದು ಪದದ ಕೆಳಗೆ ‘ಆರಿಜಿನ್’ ಎಂದಿರುವ ಸಾಲು ಓದಿ, ಅಲ್ಲಿ ಎಷ್ಟು ಹಳೆಯದೆಂಬ ಸುಳಿವಿರುತ್ತದೆ. ಹಾಗೆ ಹುಡುಕುವಾಗ ‘ಗನ್ನಿ ಬ್ಯಾಗ್’ನ ಗನ್ನಿಯನ್ನೂ ಒಮ್ಮೆ ನೋಡಿ. ಅದು ನಮ್ಮ ಅಂಗಡಿ ಮೂಲೆಯಲ್ಲಿ ಅಕ್ಕಿ ತುಂಬಿ ನಿಲ್ಲಿಸಿರುವ ಗೋಣಿಯೇ.