ಹಾವೇರಿಯ ಝಂಡಾ, ಹೊಸರಿತ್ತಿಯ ಗುಡಿ

ರೈಲಿನಲ್ಲಿ ಹಾವೇರಿಗೆ ಬಂದಿಳಿದವರಿಗೆ ಮೊದಲು ಎದುರಾಗುವುದೇ ಹುತಾತ್ಮರೊಬ್ಬರ ಹೆಸರು. ನಿಲ್ದಾಣಕ್ಕೆ ಈಗ ಮೈಲಾರ ಮಹದೇವಪ್ಪನವರ ಹೆಸರಿಟ್ಟಿದ್ದಾರೆ. ಆಗಸ್ಟ್ 15ರಂದು ಬಂದವರಿಗಂತೂ ಆ ಹೆಸರು ಸುಮ್ಮನೆ ದಾಟಿಹೋಗುವಂಥದ್ದಲ್ಲ.

ಅಂದು ಬೆಳಗ್ಗೆ ಮಕ್ಕಳೆಲ್ಲ ‘ಝಂಡಾಕ್ಕ’ ಹೊರಟಿರುತ್ತಾರೆ. ಮುಂಗಾರಿನ ತುಂತುರು, ಪ್ರಭಾತಫೇರಿಯ ಘೋಷಣೆ, ಆಮೇಲೆ ಕ್ರೀಡಾಂಗಣದಲ್ಲಿ ಧ್ವಜಾರೋಹಣ, ಪಥಸಂಚಲನ, ಭಾಷಣ. ಖಾದಿ ಬಾವುಟವೂ ದೂರದ್ದಲ್ಲ, ಹುಬ್ಬಳ್ಳಿಯ ಬೆಂಗೇರಿಯಲ್ಲಿ ತಯಾರಾಗುತ್ತದೆ. ಬಿಡುವಿದ್ದವರು ಹನ್ನೊಂದನೆಯ ಶತಮಾನದ, ಪಶ್ಚಿಮಕ್ಕೆ ಮುಖ ಮಾಡಿದ ಪುರಸಿದ್ಧೇಶ್ವರ ಗುಡಿಯನ್ನೂ ನೋಡಬೇಕು. ಆದರೆ ಈ ದಿನ ಮೊದಲು ಹೋಗಬೇಕಾದದ್ದು ಮಹದೇವಪ್ಪನವರ ಸ್ಮಾರಕವಾದ ವೀರಸೌಧಕ್ಕೆ.

ಮಹದೇವಪ್ಪ ಹುಟ್ಟಿದ್ದು ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನಲ್ಲಿ, 1911ರ ಜೂನ್ 8ರಂದು. 1930ರ ಮಾರ್ಚ್ 12ರಂದು ಗಾಂಧೀಜಿ ಸಬರಮತಿಯಿಂದ ದಂಡಿಗೆ ಹೊರಟಾಗ ಅವರ ತಂಡದಲ್ಲಿದ್ದ ಏಕೈಕ ಕನ್ನಡಿಗ ಇವರು, ಇನ್ನೂ ಹದಿನೆಂಟರ ಹುಡುಗ. ಹೆಂಡತಿ ಸಿದ್ಧಮ್ಮನವರೂ ಸಬರಮತಿ ಆಶ್ರಮದಲ್ಲಿದ್ದವರು, ಚಳವಳಿಗಾಗಿ ಜೈಲು ಕಂಡವರು. ಊರಿನವರು ಮಹದೇವಪ್ಪನ ಜೊತೆಗೆ ಈ ತಾಯಿಯನ್ನೂ ಅಷ್ಟೇ ನೆನೆಯಬೇಕು ಎಂಬುದು ನನ್ನ ಆಸೆ.

1942ರಲ್ಲಿ ‘ಕ್ವಿಟ್ ಇಂಡಿಯಾ’ ಕರೆ ಬಂದಾಗ ಈ ಸೀಮೆ ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಮಹದೇವಪ್ಪ ಭೂಗತರಾಗಿ ಹುಡುಗರ ಪಡೆ ಕಟ್ಟಿದರು. ಸರಕಾರ ಹಳ್ಳಿಯವರ ಕಣ್ಣಿಗೆ ಕಾಣುತ್ತಿದ್ದದ್ದು ಚಾವಡಿಯಲ್ಲಿ, ಕಂದಾಯದಲ್ಲಿ. ಪಡೆಯ ಪೆಟ್ಟೂ ಅಲ್ಲಿಗೇ. ವರದಾ ದಂಡೆಯ ಹೊಸರಿತ್ತಿಯಲ್ಲಿ ವಸೂಲಾದ ಕಂದಾಯವನ್ನು ವೀರಭದ್ರ ದೇವರ ಗುಡಿಯಲ್ಲಿ ಪೊಲೀಸ್ ಕಾವಲಿನಲ್ಲಿ ಇಟ್ಟಿದ್ದರು. 1943ರ ಏಪ್ರಿಲ್ 1ರಂದು ಪಡೆ ಅದರ ಮೇಲೆ ಬಿತ್ತು. ಗುಂಡು ಹಾರಿತು. ಮಹದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಮೂವರೂ ತೀರಿಕೊಂಡರು. ಮಹದೇವಪ್ಪನಿಗೆ ಆಗ ಮೂವತ್ತೆರಡೂ ತುಂಬಿರಲಿಲ್ಲ.

ಇದನ್ನು ಬರೆಯುವಾಗ ನನಗೆ ಮೆಕ್ಸಿಕೋದ ಗ್ವಾನಹ್ವಾತೊ ನಗರದ ನೆನಪು ಬರುತ್ತದೆ. ಪಾದ್ರಿ ಮಿಗೆಲ್ ಇದಾಲ್ಗೊ 1810ರ ಸೆಪ್ಟೆಂಬರ್ 16ರಂದು ದೊಲೊರೆಸ್ ಊರಿನಲ್ಲಿ ಬಂಡಾಯದ ಕರೆ ಕೊಟ್ಟರು. ಅದೇ ತಿಂಗಳ 28ರಂದು ಅವರ ಜನ ಗ್ವಾನಹ್ವಾತೊದಲ್ಲಿ ಸ್ಪೇನಿನವರು ಹಣದ ಸಮೇತ ಅಡಗಿದ್ದ ಕಾಳಿನ ಉಗ್ರಾಣಕ್ಕೆ ನುಗ್ಗಿದರು. ಅಲ್ಲಿ ಉಗ್ರಾಣ, ಇಲ್ಲಿ ಗುಡಿ: ಹಣವನ್ನು ಕಾವಲಿಟ್ಟು ಕಾಯ್ದ ಜಾಗಗಳು ಎರಡೂ. ಇದಾಲ್ಗೊ ಕರೆಯ ನೆನಪಿಗೆ ಆ ದೇಶದಲ್ಲಿ ಪ್ರತಿ ಸೆಪ್ಟೆಂಬರ್ 15ರ ರಾತ್ರಿ ಅಧಿಕಾರದಲ್ಲಿದ್ದವರು ಉಪ್ಪರಿಗೆಯಲ್ಲಿ ನಿಂತು ವೀರರ ಹೆಸರನ್ನು ಒಂದೊಂದಾಗಿ ಕೂಗುತ್ತಾರೆ, ಚೌಕದಲ್ಲಿ ನೆರೆದವರು ಜಯಕಾರ ಹಾಕುತ್ತಾರೆ. ರಜೆಗೆಂದು ಹೋದ ಪರದೇಶದವನಿಗೂ ಅಲ್ಲಿ ಹೆಸರುಗಳು ಬಾಯಿಪಾಠವಾಗುತ್ತವೆ.

ಹಾವೇರಿಯಲ್ಲಿ, ಬ್ಯಾಡಗಿಯಲ್ಲಿ, ರಾಣೆಬೆನ್ನೂರಿನಲ್ಲಿ ಝಂಡಾ ಏರಿದ ಮೇಲೆ ಹೀಗೆ ಹೆಸರು ಕೂಗಬೇಕು. ಮಂತ್ರಿಗಳ ಭಾಷಣದ ನಡುವೆ ಒಂದು ಸಾಲಾಗಿ ಬಂದುಹೋದರೆ ಸಾಲದು. ಶಾಲೆಯ ಹುಡುಗಿಯೊಬ್ಬಳು ಮೈಕಿನ ಮುಂದೆ ನಿಂತು ತಿರಕಪ್ಪ, ವೀರಯ್ಯ, ಮಹದೇವಪ್ಪ, ಸಿದ್ಧಮ್ಮ ಎನ್ನಲಿ, ಮೈದಾನವೆಲ್ಲ ಜಯಕಾರ ಹಾಕಲಿ. ಹೊಸರಿತ್ತಿಯಲ್ಲಾದರೆ ಏಪ್ರಿಲ್ 1ರಂದೂ ಕೂಗಲಿ.