ಕಡತ
ಕರೆಂಟು ಹೋಗಿ ಕಂಪ್ಯೂಟರ್ ಕೆಟ್ಟರೆ ಬೆಂಗಳೂರಿನ ಜಯನಗರ, ಬನಶಂಕರಿಯ ರಿಪೇರಿ ಅಂಗಡಿಗಳಲ್ಲಿ ‘ಫೈಲ್ ಸಿಸ್ಟಮ್ ಕರಪ್ಟ್ ಆಗಿದೆ’ ಅನ್ನುತ್ತಾರೆ. ಬರಹದಲ್ಲಿ ಅದು ಕಡತ ವ್ಯವಸ್ಥೆ. ಕಚೇರಿಯ ಫೈಲಿಗೂ ಕಡತವೆಂದೇ ಹೆಸರು. ಹಳೆಯ ಕಡತ ಮಾತ್ರ ಕಾಗದದ್ದಲ್ಲ, ಬಟ್ಟೆಯದು. ಹುಣಸೆಬೀಜದ ಸರಿಗೆ ಇದ್ದಿಲ ಪುಡಿ ಬೆರೆಸಿ ಉದ್ದನೆಯ ಬಟ್ಟೆಗೆ ಬಳಿದು, ಒಣಗಿಸಿ, ಹಿಂದಕ್ಕೂ ಮುಂದಕ್ಕೂ ಮಡಚಿದರೆ ಕಪ್ಪು ಪುಸ್ತಕ ಸಿದ್ಧ. ಬರೆಯುವುದು ಬಳಪದಲ್ಲಿ. ವರ್ತಕರು, ಶಾನುಭೋಗರು ಲೆಕ್ಕ ಇಡುತ್ತಿದ್ದುದು ಇದರಲ್ಲೇ. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ದೊಡ್ಡ ಆಕರ. ಕಡತದಲ್ಲಿ ಬರೆದದ್ದನ್ನು ಒರೆಸಿ ಮತ್ತೆ ಬರೆಯಬಹುದಾಗಿತ್ತು. ಹಾಗಾಗಿ ಡಿಸ್ಕಿನ ಫೈಲಿಗೆ ಇದಕ್ಕಿಂತ ಒಪ್ಪುವ ಹೆಸರು ನನಗೆ ಕಾಣದು.

ಕರೆಂಟು ಹೋದಾಗ ಡಿಸ್ಕಿನ ಕಡತಗಳು ಕೆಡದಂತೆ, ಲಿನಕ್ಸಿನ ಇಎಕ್ಸ್‌ಟಿ4 ಎಂಬ ಕಡತ ವ್ಯವಸ್ಥೆ ಮಾಡಬೇಕಾದ ಬದಲಾವಣೆಯನ್ನು ಮೊದಲು ಜರ್ನಲ್‌ನಲ್ಲಿ ಗುರುತು ಹಾಕಿಕೊಳ್ಳುತ್ತದೆ. ಯಂತ್ರ ನಡುವೆ ನಿಂತರೂ ಆ ಗುರುತು ನೋಡಿ ಸರಿಪಡಿಸಿಕೊಳ್ಳುತ್ತದೆ. ಅದು ಸಾಲದಿದ್ದರೆ ಕಡತ ವ್ಯವಸ್ಥೆಯನ್ನು ಪರೀಕ್ಷಿಸಿ ಸರಿಪಡಿಸುವ ‘ಎಫ್‌ಎಸ್‌ಸಿಕೆ’ ಓಡಿಸಬೇಕು, ಡಿಸ್ಕನ್ನು ಅನ್‌ಮೌಂಟ್ ಮಾಡಿಯೇ, ಸಾಧ್ಯವಾದರೆ ಮೊದಲು ಪೂರ್ತಿ ನಕಲು ತೆಗೆದು. ಹೆಸರು ಕಳೆದುಕೊಂಡ ಕಡತಗಳು ‘ಲಾಸ್ಟ್+ಫೌಂಡ್’ ಫೋಲ್ಡರಿನಲ್ಲಿ ಬರೀ ಐನೋಡ್ ಎಂಬ ಗುರುತು ಸಂಖ್ಯೆ ಹೊತ್ತು ಸಿಗುತ್ತವೆ. ಒಂದೊಂದನ್ನೇ ತೆರೆದು ನೋಡಿ ಹೆಸರಿಡಬೇಕು.